ಮನೆಯೊಳಗಿನ ಕೋಶ, ಮನೆಯ ಸುತ್ತಲಿನ ದೇಶ

"ದೇಶ ಸುತ್ತಬೇಕು, ಕೋಶ ಓದಬೇಕು" ಎಂಬುದು ಹಿರಿಯರ ಮಾತು. ದೇಶ ಸುತ್ತುವುದೆಂದರೆ ಕಾಶಿ ರಾಮೇಶ್ವರಗಳಿಗೇ ಹೋಗಬೇಕೆಂದಿಲ್ಲ. ಕೋಶವೆಂದರೆ ಸಾವಿರ ಪುಟದ ಗ್ರಂಥವೇ ಆಗಬೇಕೆಂದಿಲ್ಲ. ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಊರುಗಳೂ ದೇಶವೇ. ಮಕ್ಕಳ ಹಳೆಯ ನೋಟ್ ಪುಸ್ತಕದಲ್ಲಿ ಉಳಿದ ಖಾಲಿ ಹಾಳೆಗಳೂ ಕೋಶವಾಗಬಲ್ಲವು. ನಮ್ಮ ಮನೆಯಲ್ಲಿ ನಡೆದಿರುವ ಇಂಥದೊಂದು ಸಣ್ಣ ಕೆಲಸದ ವಿಷಯವನ್ನು ವಿದ್ಯಾರ್ಥಿ ಮಿತ್ರರ ಮತ್ತು ಅವರ ತಂದೆತಾಯಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ನಾವು ದಂಪತಿಗಳಿಬ್ಬರೂ ಇದೇ ಶಾಲೆಯಲ್ಲಿ ಕನ್ನಡದಲ್ಲಿ ಓದಿದವರು. ಈಗ ಉದ್ಯೋಗನಿಮಿತ್ತ ನೆಲಸಿರುವುದು ತಮಿಳುನಾಡಿನ ತುಡಿಯಲೂರಿನಲ್ಲಿ. ಇದು ಕೊಯಮತ್ತೂರಿನಿಂದ ಮೇಟ್ಟುಪಾಳಯಕ್ಕೆ ಹೋಗುವ ರಸ್ತೆಯ ಮೇಲಿದೆ. ಮೊದಲು ಪ್ರತ್ಯೇಕ ಪಟ್ಟಣ ಪಂಚಾಯಿತಿಯಾಗಿದ್ದ ಈ ಊರು 2011ರಲ್ಲಿ ಕೊಯಮತ್ತೂರು ಮಹಾನಗರಪಾಲಿಕೆಗೆ ಸೇರಿತು. ಪಶ್ಚಿಮಕ್ಕೆ ಬೆಟ್ಟದ ಸಾಲು, ಉತ್ತರಕ್ಕೆ ಮೋಡವಿಲ್ಲದ ದಿನ ಕಾಣುವ ನೀಲಗಿರಿ, ನಡುವೆ ಮೋಟಾರು ಪಂಪುಗಳ ಕಾರ್ಖಾನೆಗಳು, ಬಾಳೆ ತೆಂಗುಗಳ ತೋಟಗಳು. ಇಂಥ ಊರಿನಲ್ಲಿ ಕನ್ನಡ ಮನೆಗಳೆಲ್ಲಿ ಬಂದವು ಎಂದು ನೀವು ಕೇಳಬಹುದು.

ಇಲ್ಲಿ ಕನ್ನಡ ಹೇಗೆ ಬಂತು?

ಕೊಯಮತ್ತೂರು ಸೀಮೆಯು 1799ರಲ್ಲಿ ಟಿಪ್ಪು ಸುಲ್ತಾನನು ಮಡಿಯುವವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಅದಕ್ಕೂ ಹಿಂದಿನಿಂದಲೇ ನೇಯ್ಗೆಯವರು, ಬೇಸಾಯಗಾರರು, ವ್ಯಾಪಾರಿಗಳು ಘಟ್ಟ ಇಳಿದು ಇಲ್ಲಿಗೆ ಬಂದು ನೆಲಸಿದ್ದರು. ಇಂದಿಗೂ ದೇವಾಂಗರ ಮತ್ತು ಒಕ್ಕಲಿಗರ ಅನೇಕ ಮನೆಗಳಲ್ಲಿ ಕನ್ನಡವೇ ಮನೆಮಾತು. ನೀಲಗಿರಿಯ ಬಡಗರ ಮಾತು ಕನ್ನಡಕ್ಕೆ ಅತಿ ಸಮೀಪವಾದುದು. ಬೆಟ್ಟದಿಂದಿಳಿದು ಮೇಟ್ಟುಪಾಳಯದ ರಸ್ತೆಯುದ್ದಕ್ಕೂ ಮನೆ ಕಟ್ಟಿಕೊಂಡ ಬಡಗ ಕುಟುಂಬಗಳೂ ಉಂಟು. ಇನ್ನೊಂದು ಸಂಗತಿಯನ್ನು ಇಂದಿನ ಮಕ್ಕಳು ತಿಳಿದಿರಲಾರರು. ಈಗ ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲವು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಯಮತ್ತೂರು ಜಿಲ್ಲೆಯದೇ ಒಂದು ತಾಲ್ಲೂಕಾಗಿತ್ತು. ಗಡಿಯ ಗೆರೆ ಆಮೇಲೆ ಬಂದುದು; ಮನೆಗಳು ಮೊದಲೇ ಇದ್ದುವು.

ಆದರೆ ಈ ಮನೆಗಳ ಕನ್ನಡಕ್ಕೆ ಒಂದು ಕೊರತೆ ಇದೆ. ಅದು ಬಾಯಲ್ಲಿದೆ, ಕಾಗದದ ಮೇಲಿಲ್ಲ. ನಮ್ಮ ಬೀದಿಯಲ್ಲೇ ನೇಯ್ಗೆಯ ಮನೆತನದ ಒಬ್ಬ ಅಜ್ಜಿಯಿದ್ದಾರೆ. ಹುಟ್ಟಿದಂದಿನಿಂದ ಮನೆಯಲ್ಲಿ ಕನ್ನಡವನ್ನೇ ಆಡಿದವರು. ಆದರೆ ಕನ್ನಡದ ಒಂದಕ್ಷರವನ್ನೂ ಓದಲಾರರು. ಅವರ ಮಕ್ಕಳು ಎರಡು ಮಾತನ್ನೂ ಆಡುತ್ತಾರೆ. ಮೊಮ್ಮಕ್ಕಳು ಅಜ್ಜಿಯ ಕನ್ನಡವನ್ನು ಅರ್ಥಮಾಡಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಾರೆ. ಮರಿಮಕ್ಕಳ ಕಾಲಕ್ಕೆ ಏನು ಉಳಿದೀತು? ಮಾತು ಸಾಯುವುದು ಒಂದು ದಿನದಲ್ಲಲ್ಲ. ಮೊದಲು ಹೊಲದ ಪದಗಳು ಹೋಗುತ್ತವೆ, ಆಮೇಲೆ ಮಗ್ಗದ ಪದಗಳು, ಕೊನೆಗೆ ಅಡಿಗೆಮನೆಯ ಪದಗಳು. ನಮ್ಮ ಮಕ್ಕಳೂ ಇದೇ ದಾರಿಯಲ್ಲಿದ್ದಾರೆಂಬುದು ಅವರ ಮಾತಿನಲ್ಲೇ ಕಾಣುತ್ತಿತ್ತು. ಅವರು ಓದುವುದು ಇಲ್ಲಿಯ ಶಾಲೆಯಲ್ಲಿ. ತಮಿಳುನಾಡಿನಲ್ಲಿ 2006ರ ಕಾಯಿದೆಯಂತೆ ತಮಿಳು ಕಲಿಕೆ ಕಡ್ಡಾಯ. ನೆಲಸಿದ ನಾಡಿನ ಭಾಷೆಯನ್ನು ಕಲಿಯುವುದು ಸರಿಯಾದುದೇ. ಆದುದರಿಂದ ಕನ್ನಡವನ್ನು ಕಲಿಸುವ ಹೊಣೆ ಮನೆಯ ಮೇಲೆಯೇ ಬೀಳುತ್ತದೆ.

ಗದರಿಸಿದರೆ ಮಕ್ಕಳು ಮಾತನ್ನು ಕಲಿಯುವುದಿಲ್ಲ, ಮಾತಿಗೆ ಹೆದರುತ್ತಾರೆ. ಅದಕ್ಕಾಗಿ ನಾವು ಒಂದು ಪುಸ್ತಕವನ್ನು ತೆರೆದೆವು.

ಪುಸ್ತಕದ ಕ್ರಮ

ಗೆರೆ ಹಾಕಿದ ದಪ್ಪ ನೋಟ್ ಪುಸ್ತಕ ಒಂದು. ಪುಟಕ್ಕೆ ಮೂರು ಅಂಕಣ. ಮೊದಲನೆಯದರಲ್ಲಿ ನಮ್ಮ ಮನೆಯ ಪದ, ಎರಡನೆಯದರಲ್ಲಿ ನೆರೆಮನೆಯವರ ತಮಿಳು ಪದ, ಮೂರನೆಯದರಲ್ಲಿ ಬೇರೆ ಯಾರಾದರೂ ಹೇಳಿದ ರೂಪ, ಎಂದರೆ ಬಡಗರದು, ಅಜ್ಜಿಯದು, ಇಲ್ಲವೆ ಪಠ್ಯಪುಸ್ತಕದ ಹಳಗನ್ನಡದ್ದು. ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆಯಬೇಕು. ದೊಡ್ಡ ಮಗಳದು ಬರವಣಿಗೆ, ಚಿಕ್ಕವನದು ಚಿತ್ರ. ಭಾನುವಾರ ರಾತ್ರಿ ಊಟವಾದ ಮೇಲೆ ಹತ್ತೇ ಪದ; ಹನ್ನೊಂದನೆಯದಿಲ್ಲ. ಅಡಿಗೆಮನೆ ಮುಗಿದ ಮೇಲೆ ಹಿತ್ತಿಲು, ಹಿತ್ತಿಲ ನಂತರ ಮೈಯ ಅಂಗಗಳು, ಆಮೇಲೆ ನಂಟುಗಳ ಹೆಸರು. ಹಿರಿಯರು ಉಚ್ಚರಿಸಿದಂತೆಯೇ ಬರೆದುಕೊಳ್ಳಬೇಕು, ತಿದ್ದಬಾರದು. ಯಾರ ಉಚ್ಚಾರಕ್ಕೂ ನಗಬಾರದು. ಇವಿಷ್ಟೇ ನಿಯಮಗಳು.

ಕೆಲವು ವಾರಗಳಲ್ಲಿ ಪುಟಗಳು ತಾವೇ ಮಾತಾಡತೊಡಗಿದವು. ಎದುರುಬದುರಾಗಿ ಬರೆದ ಪದಗಳಲ್ಲಿ ಒಂದು ಕ್ರಮವಿರುವುದನ್ನು ಮೊದಲು ಕಂಡವಳು ಮಗಳೇ.

ಪಕಾರ ಹಕಾರವಾದದ್ದು

ತಮಿಳರ ಪಾಲ್ ನಮ್ಮ ಹಾಲು. ಅವರ ಪಲ್ ನಮ್ಮ ಹಲ್ಲು, ಪುಲಿ ಹುಲಿ, ಪೂ ಹೂ, ಪತ್ತು ಹತ್ತು, ಪಗಲ್ ಹಗಲು, ಪೊನ್ ಹೊನ್ನು. ಪೇಟೆಯಲ್ಲಿ ಪಾಗಲ್ ಕಾಯ್ ಎಂದು ಕೊಂಡದ್ದು ಮನೆಯಲ್ಲಿ ಹಾಗಲಕಾಯಿ ಆಗುತ್ತದೆ. ಪದದ ಮೊದಲಲ್ಲಿ ಅವರಿಗೆ ಪಕಾರವಿದ್ದ ಕಡೆ ನಮಗೆ ಹಕಾರವಿದೆ. ಹಾಗೆಂದು ನಮ್ಮ ಪೂರ್ವಿಕರೂ ಮೊದಲಿನಿಂದ ಹಾಲು, ಹುಲಿ ಎನ್ನುತ್ತಿರಲಿಲ್ಲ. 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಬರೆದ ಪಂಪನ ಕನ್ನಡದಲ್ಲಿ ಅವು ಪಾಲ್, ಪುಲಿ ಎಂದೇ ಇವೆ. ಹತ್ತನೆಯ ಶತಮಾನದ ಸುಮಾರಿಗೆ ತೊಡಗಿದ ಈ ಬದಲಾವಣೆ ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಪೂರ್ತಿಯಾಯಿತು. ತಮಿಳು ಬದಲಾಗದೆ ನಿಂತಿತು.

ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಹಳಗನ್ನಡದ ಪದ್ಯಗಳು ಕಷ್ಟವೆಂದು ನೀವು ದೂರುತ್ತೀರಷ್ಟೆ? ಪಿರಿಯ ಎಂದಿದ್ದರೆ ಹಿರಿಯ ಎಂದು, ಪೊನ್ ಎಂದಿದ್ದರೆ ಹೊನ್ನು ಎಂದು ಪಕಾರದ ಜಾಗದಲ್ಲಿ ಹಕಾರವನ್ನಿಟ್ಟು ಓದಿ ನೋಡಿರಿ. ಅರ್ಧ ಕಷ್ಟ ಅಲ್ಲಿಯೇ ಕರಗುತ್ತದೆ. ನಮ್ಮ ತರಗತಿಯಲ್ಲಿ ಬಾಯಿಪಾಠ ಮಾಡಿದ ಪದಗಳನ್ನು ತುಡಿಯಲೂರಿನ ಸಂತೆಯಲ್ಲಿ ಜೀವಂತವಾಗಿ ಕೇಳಿದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ.

ಆದರೆ ನಿಯಮವನ್ನು ಕುರುಡಾಗಿ ಹಿಡಿಯಬಾರದು. ಪದದ ನಡುವೆ ಒತ್ತಿ ಬರುವ ಪಕಾರ ಬದಲಾಗಿಲ್ಲ. ಅಪ್ಪ, ಉಪ್ಪು, ಸೊಪ್ಪು ಹಾಗೆಯೇ ಇವೆ. ಪೂಜೆ, ಪಾತ್ರೆ ಮುಂತಾದ ಸಂಸ್ಕೃತದಿಂದ ಬಂದ ಪದಗಳಿಗೂ ಇದು ಅನ್ವಯಿಸುವುದಿಲ್ಲ.

ಇನ್ನು ಮೂರು ಸಂಗತಿಗಳು

ಎರಡನೆಯ ಕ್ರಮ ವಕಾರ ಬಕಾರಗಳದು. ಅವರ ವಾ ನಮ್ಮ ಬಾ. ವಾಯ್ ಬಾಯಿ, ವಿಲ್ ಬಿಲ್ಲು, ವೇರ್ ಬೇರು, ವೇಲಿ ಬೇಲಿ, ವೆಳ್ಳಿ ಬೆಳ್ಳಿ, ವೆಲ್ಲಂ ಬೆಲ್ಲ, ವೆಣ್ಣೆಯ್ ಬೆಣ್ಣೆ. ಈ ಬದಲಾವಣೆ ಇನ್ನೂ ಹಳೆಯದು. ಹಳಗನ್ನಡ ಕಾವ್ಯಗಳಲ್ಲಿಯೇ ಬಕಾರ ನೆಲೆಗೊಂಡಿದೆ.

ಮೂರನೆಯದು ಪದದ ಕೊನೆಯದು. ಅವರ ತಲೈ, ಎಲೈ, ಮಲೈ, ಅವರೈ ನಮ್ಮಲ್ಲಿ ತಲೆ, ಎಲೆ, ಮಲೆ, ಅವರೆ. ಎರಡು ಕ್ರಮಗಳೂ ಒಂದೇ ಪದದಲ್ಲಿ ಸೇರುವುದುಂಟು: ವೆಂಡೈಕ್ಕಾಯ್ ನಮ್ಮ ಬೆಂಡೆಕಾಯಿ. ಬಾಳೆಯಲ್ಲಿ ಇನ್ನೂ ಒಂದು ವಿಶೇಷವಿದೆ. ತಮಿಳರು ಅದನ್ನು ವಾೞೈ ಎನ್ನುತ್ತಾರೆ. ನಾಲಗೆಯನ್ನು ಹಿಂದಕ್ಕೆ ಮಡಚಿ ಉಚ್ಚರಿಸುವ ಆ ೞಕಾರ ಹಳಗನ್ನಡದಲ್ಲಿಯೂ ಇತ್ತು. ಏಳು, ಮಳೆ ಎಂಬ ಪದಗಳನ್ನು ಹಿಂದೆ ಏೞು, ಮೞೆ ಎಂದು ಬರೆಯುತ್ತಿದ್ದರು. ನಮ್ಮಲ್ಲಿ ಆ ಅಕ್ಷರ ಮರೆಯಾಯಿತು. ನಮ್ಮ ಚಿಕ್ಕ ಮಗ ಬೀದಿಯ ಗೆಳೆಯರಿಂದ ಅದನ್ನು ಸಲೀಸಾಗಿ ಕಲಿತಿದ್ದಾನೆ. ನಮ್ಮ ನಾಲಗೆಗಳು ಇನ್ನೂ ಹೊರಳುತ್ತಿಲ್ಲ.

ಇಷ್ಟನ್ನು ಕೇಳಿ, ತಮಿಳೇ ಹಳೆಯದು, ಕನ್ನಡ ಅದರಿಂದ ಹುಟ್ಟಿತು ಎಂದು ಯಾರಾದರೂ ಹೇಳಿಯಾರು. ನಾಲ್ಕನೆಯ ಕ್ರಮ ಅದಕ್ಕೆ ಉತ್ತರ. ನಮ್ಮ ಕಿವಿ ಅವರ ಸೆವಿ. ನಮ್ಮ ಕೇರಿ ಅವರ ಸೇರಿ. ಇಲ್ಲಿ ಹಳೆಯ ಕಕಾರವನ್ನು ಉಳಿಸಿಕೊಂಡವರು ನಾವು, ಬದಲಾಯಿಸಿದವರು ಅವರು. ತಾಯಿಯ ಒಡವೆಗಳಲ್ಲಿ ಕೆಲವನ್ನು ಅಕ್ಕ, ಕೆಲವನ್ನು ತಂಗಿ ಇಟ್ಟುಕೊಂಡಂತೆ. ಎರಡೂ ಒಂದೇ ಮೂಲದ್ರಾವಿಡದ ಮಕ್ಕಳು. ದಕ್ಷಿಣದ ಭಾಷೆಗಳು ಒಂದು ಪ್ರತ್ಯೇಕ ಕುಟುಂಬವೆಂದು ಎಲ್ಲಿಸ್ 1816ರಲ್ಲಿಯೇ ತೋರಿಸಿದ್ದನು. ಕಾಲ್ಡ್‌ವೆಲ್ 1856ರಲ್ಲಿ ಅದನ್ನು ವಿಸ್ತಾರವಾಗಿ ಬರೆದನು. 1894ರಲ್ಲಿ ಹೊರಬಂದ ಕಿಟ್ಟೆಲ್ಲರ ನಿಘಂಟಿನಲ್ಲಿ ಕನ್ನಡ ಪದಗಳ ಪಕ್ಕದಲ್ಲಿ ಸೋದರ ಭಾಷೆಗಳ ರೂಪಗಳನ್ನೂ ಕೊಟ್ಟಿದೆ. ಬರೋ ಮತ್ತು ಎಮೆನೊ ಎಂಬ ವಿದ್ವಾಂಸರು 1961ರಲ್ಲಿ ದ್ರಾವಿಡ ಭಾಷೆಗಳ ಸಂಬಂಧಿ ಪದಗಳನ್ನೆಲ್ಲ ಒಂದೇ ಕೋಶದಲ್ಲಿ ಸೇರಿಸಿದರು. ಆ ಎಮೆನೊ ನಮ್ಮ ಪಕ್ಕದ ನೀಲಗಿರಿಯಲ್ಲೇ 1930ರ ದಶಕದಲ್ಲಿ ತಿರುಗಾಡಿ ತೊದ, ಕೋತ ಜನರ ಬಾಯಿಂದ ಪದಗಳನ್ನು ಬರೆದುಕೊಂಡವರು. ಅವರು ಮಾಡಿದ್ದನ್ನೇ ನಮ್ಮ ಮಕ್ಕಳು ಅಳಿಲುಸೇವೆಯ ಪ್ರಮಾಣದಲ್ಲಿ ಮಾಡುತ್ತಿದ್ದಾರೆ.

ಸೋದರಿಯರಾದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ತಮಿಳಿನಲ್ಲಿ ಸೋರು ಎಂದರೆ ಅನ್ನ. ಒಂದು ಮಳೆಯ ದಿನ ಪಕ್ಕದ ಮನೆಯ ಪಾಟಿ ಚಿಕ್ಕವನನ್ನು "ಸೋರು ಆಚ್ಚಾ?" ಎಂದು ವಿಚಾರಿಸಿದರೆ ಅವನು ಮೇಲಕ್ಕೆ ನೋಡಿ, "ಇಲ್ಲ ಪಾಟಿ, ನಮ್ಮ ಮಾಡು ಸೋರುವುದಿಲ್ಲ" ಎಂದನಂತೆ! ಆ ಪದಕ್ಕೆ ಪುಸ್ತಕದಲ್ಲಿ ಅನ್ನದ ತಟ್ಟೆ, ಸೋರುವ ಮಾಡು ಎರಡರ ಚಿತ್ರಗಳೂ ಇವೆ.

ಪುಸ್ತಕ ಹಿಡಿದು ಪ್ರವಾಸ

ಕೋಶವಾದ ಮೇಲೆ ದೇಶ. ಮೊದಲ ಪ್ರವಾಸ ರೈಲಿನದು. ಕೊಯಮತ್ತೂರಿನಿಂದ ಮೇಟ್ಟುಪಾಳಯಕ್ಕೆ ಹೋಗುವ ರೈಲುದಾರಿ ತುಡಿಯಲೂರಿನ ಮೂಲಕ ಹಾದುಹೋಗುತ್ತದೆ. ದೂರ ಸುಮಾರು 25 ಕಿಲೋಮೀಟರು, ಮಕ್ಕಳಿಗೆ ದಣಿವಾಗುವುದಿಲ್ಲ. ಬುತ್ತಿಗೆ ಚಿತ್ರಾನ್ನ ಮೊಸರನ್ನ ಕಟ್ಟಿಕೊಂಡರೆ ಸಾಕು. ಊರಿನ ಹೆಸರು ಬಂದಂತೆಲ್ಲ ಕನ್ನಡಕ್ಕೆ ತಿರುಗಿಸುವುದು ಮಕ್ಕಳ ಆಟ. ಪೆರಿಯನಾಯಕ್ಕನ್‌ಪಾಳಯಂ ಬಂತು, ಪೆರಿಯ ನಮ್ಮ ಹಿರಿಯ, ಆದುದರಿಂದ ಹಿರಿಯ ನಾಯಕನ ಪಾಳ್ಯ. ತುಡಿಯಲೂರಿನ ಪಕ್ಕದ ವಡಮದುರೈ ಎಂದರೆ ಬಡಗಣ ಮದುರೆ. ವಡ ಎಂಬುದು ಬಡ ಆದುದನ್ನು ತಿಳಿದರೆ ಬಡಗರ ಹೆಸರಿನ ಅರ್ಥವೂ ತಿಳಿಯುತ್ತದೆ. ಅವರು ಬಡಗಣ ದಿಕ್ಕಿನಿಂದ, ಎಂದರೆ ಮೈಸೂರಿನ ಕಡೆಯಿಂದ ಬಂದವರು. ನಮ್ಮ ಸುತ್ತಲಿನ ಶರವಣಂಪಟ್ಟಿ, ಚಿನ್ನವೇಡಂಪಟ್ಟಿಗಳ ಪಟ್ಟಿ ನಮ್ಮ ನಾಡಿನ ಹಟ್ಟಿಯೇ. ಬಡಗರು ತಮ್ಮ ಊರನ್ನು ಇಂದಿಗೂ ಹಟ್ಟಿ ಎಂದೇ ಕರೆಯುತ್ತಾರೆ.

ಮೇಟ್ಟುಪಾಳಯದಲ್ಲಿ ಬೆಟ್ಟದ ರೈಲು ನಿಂತಿರುತ್ತದೆ. ಇದು 1899ರಲ್ಲಿ ಕೂನೂರಿನವರೆಗೂ 1908ರಲ್ಲಿ ಉದಕಮಂಡಲದವರೆಗೂ ತೆರೆಯಿತು. 46 ಕಿಲೋಮೀಟರಿನ ದಾರಿಯಲ್ಲಿ 16 ಸುರಂಗಗಳಿವೆ. ಕಡಿದಾದ ಕಡೆ ಹನ್ನೆರಡು ಅಡಿ ಮುಂದೆ ಹೋದರೆ ಒಂದಡಿ ಮೇಲೇರುವಷ್ಟು ಏರು. ಬರಿಯ ಚಕ್ರ ಅಲ್ಲಿ ಜಾರುವುದರಿಂದ ಹಳಿಗಳ ನಡುವೆ ಹಲ್ಲುಗಳುಳ್ಳ ಕಂಬಿಯನ್ನು ಹಾಕಿ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುವಂತೆ ಮಾಡಿದ್ದಾರೆ. ಯುನೆಸ್ಕೋ ಸಂಸ್ಥೆ 2005ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. "ರೈಲಿಗೂ ಹಲ್ಲು, ತಮಿಳಿನಲ್ಲಿ ಪಲ್" ಎಂದು ಬರೆದು ಚಿಕ್ಕವನು ಚಿತ್ರ ತೆಗೆದಿದ್ದಾನೆ.

ಎರಡನೆಯ ಪ್ರವಾಸ ಮೇಟ್ಟುಪಾಳಯದ ಪಕ್ಕದ ಸಿರುಮುಗೈಗೆ. ಇದು ಭವಾನಿ ನದಿಯ ಬಳಿಯ ನೇಯ್ಗೆಯ ಊರು. ನಮ್ಮ ಬೀದಿಯ ಅಜ್ಜಿಯನ್ನೂ ಕರೆದುಕೊಂಡು ಹೋದೆವು. ಅವರ ನಂಟರ ಮನೆಯಲ್ಲಿ ಮಗ್ಗವಿತ್ತು. ತಮಿಳಿನ ತರಿ ನಮ್ಮ ಮಗ್ಗ, ಪಾವು ನಮ್ಮ ಹಾಸು, ಊಡೈ ನಮ್ಮ ಹೊಕ್ಕು. ಹಾಸುಹೊಕ್ಕು ಎಂಬ ಮಾತನ್ನು ನಾವು ಭಾಷಣಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಉದ್ದಕ್ಕೆ ಹಾಸಿದ ನೂಲು, ಅಡ್ಡಕ್ಕೆ ಹೊಕ್ಕ ನೂಲು ಎಂದು ಮಕ್ಕಳು ಕಣ್ಣಾರೆ ನೋಡಿದ್ದು ಅಂದೇ. ಮಗಳು ಈ ಪದಗಳನ್ನು ಬರೆದು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿದಳು. ಅವರು ಬೆರಳಿನಿಂದ ಅಕ್ಷರಗಳನ್ನು ಸವರಿ, "ನಾವು ಆಡುವ ಮಾತನ್ನು ಹೀಗೆ ಬರೆಯುವುದುಂಟೇನವ್ವಾ?" ಎಂದು ಕೇಳಿದರು. ಅದೇ ವಾರದಿಂದ ಅವರು ಸಂಜೆಹೊತ್ತು ನಮ್ಮ ಮನೆಗೆ ಬಂದು ಅಕ್ಷರ ತಿದ್ದತೊಡಗಿದ್ದಾರೆ; ಕಲಿಸುವವಳು ನಮ್ಮ ಮಗಳು. ಪ್ರತಿಫಲವಾಗಿ ಅವರು ಕೊಡುವುದು ನಮಗೆ ಗೊತ್ತಿಲ್ಲದ ಹಳೆಯ ಪದಗಳನ್ನು.

ಮೂರನೆಯದಕ್ಕೆ ಇಡೀ ದಿನ ಬೇಕು. ಸತ್ಯಮಂಗಲ, ಬಣ್ಣಾರಿ ದಾಟಿ ದಿಂಬಂ ಘಟ್ಟವನ್ನು ಹತ್ತಿದರೆ ಹಾಸನೂರು. ಅಲ್ಲಿಂದ ಮುಂದೆ ತಾಳವಾಡಿ. ಘಟ್ಟದಲ್ಲಿ 27 ಹಿಮ್ಮುರಿ ತಿರುವುಗಳಿವೆ. ಕಾಡು 2013ರಿಂದ ಹುಲಿ ಮೀಸಲು ಪ್ರದೇಶವಾಗಿದೆ. ಪ್ರಾಣಿಗಳ ರಕ್ಷಣೆಗಾಗಿ 2022ರ ಫೆಬ್ರವರಿಯಲ್ಲಿ ರಾತ್ರಿಯ ವಾಹನಸಂಚಾರಕ್ಕೆ ನಿರ್ಬಂಧ ಬಂದುದರಿಂದ ಬೆಳಗ್ಗೆ ಹೊರಟು ಹೊತ್ತಿರುವಾಗಲೇ ಇಳಿಯುವುದು ಕ್ಷೇಮ. ತಾಳವಾಡಿ ಈರೋಡ್ ಜಿಲ್ಲೆಯಲ್ಲಿದ್ದರೂ ಅಲ್ಲಿಯ ಜನರ ಮಾತು ಕನ್ನಡ. ಕನ್ನಡದಲ್ಲಿ ಪಾಠ ಹೇಳುವ ಶಾಲೆಗಳೂ ಇವೆ. ನಟ ಡಾ. ರಾಜಕುಮಾರ್ 1929ರಲ್ಲಿ ಹುಟ್ಟಿದ ಗಾಜನೂರು ಇರುವುದು ಈ ಸೀಮೆಯಲ್ಲೇ. ಮನೆಯೊಳಗೆ ಮಾತ್ರ ಕೇಳಿದ್ದ ಮಾತನ್ನು ಅಂಗಡಿ, ಬಸ್ಸು, ಬೀದಿಗಳಲ್ಲಿ ಎಲ್ಲರೂ ಆಡುವುದನ್ನು ಕೇಳಿ ಮಕ್ಕಳು ಬೆರಗಾದರು. "ಇದು ನಮ್ಮ ಮನೆಯ ಭಾಷೆ ಮಾತ್ರ ಅಲ್ಲ, ಊರಿನ ಭಾಷೆಯೂ ಹೌದು" ಎಂದು ಚಿಕ್ಕವನು ಬಸ್ಸಿನಲ್ಲಿ ಹೇಳಿದ್ದು ನಮ್ಮ ಮನಸ್ಸಿನಲ್ಲಿ ನಿಂತಿದೆ.

ಇದರಿಂದ ಬಂದ ಲಾಭ

ಮಕ್ಕಳು ಪಂಡಿತರಾಗಿಲ್ಲ. ಆದರೆ ಕನ್ನಡ ಮನೆಯಲ್ಲಿ ಅಡಗಿಸಿಡುವ ಮಾತೆಂಬ ಸಂಕೋಚ ಅವರಿಗೆ ಹೋಯಿತು. ತಮಿಳು ಎದುರಾಳಿಯ ಮಾತೆಂಬ ಭಾವನೆ ಹುಟ್ಟಲೇ ಇಲ್ಲ. ಎರಡೂ ಬಲ್ಲವನಿಗೆ ಒಂದರ ಬೀಗಕ್ಕೆ ಇನ್ನೊಂದು ಕೀಲಿಕೈ ಆಗುತ್ತದೆ. ಜೊತೆಗೆ, ಬೆಲೆಯಿಲ್ಲವೆಂದು ತಿಳಿದಿದ್ದ ತಮ್ಮ ಪದಗಳನ್ನು ಮಕ್ಕಳು ಕೇಳಿ ಬರೆದುಕೊಳ್ಳುವುದನ್ನು ಕಂಡು ಹಿರಿಯರಿಗೆ ಮಾತಾಡುವ ಉತ್ಸಾಹ ಬಂದಿದೆ.

ಈ ಕೆಲಸಕ್ಕೆ ತುಡಿಯಲೂರೇ ಬೇಕೆಂದಿಲ್ಲ. ಕಾಸರಗೋಡಿನ ಮನೆಯಲ್ಲಿ ಕನ್ನಡದ ಪಕ್ಕದಲ್ಲಿ ತುಳು, ಮಲಯಾಳಗಳನ್ನು ಬರೆಯಬಹುದು. ಬಳ್ಳಾರಿಯಲ್ಲಿ ತೆಲುಗನ್ನು, ಬೆಳಗಾವಿಯಲ್ಲಿ ಮರಾಠಿಯನ್ನು ಬರೆಯಬಹುದು. ಗಡಿಯಿಲ್ಲದ ಊರಿನಲ್ಲಿಯೂ ಅಜ್ಜ ಅಜ್ಜಿಯರ ಪದಗಳಿಗೂ ಮೊಮ್ಮಕ್ಕಳ ಪದಗಳಿಗೂ ಎರಡು ಅಂಕಣಗಳಾಗುವಷ್ಟು ಅಂತರವಿದ್ದೇ ಇರುತ್ತದೆ. ಖರ್ಚು ಒಂದು ಪುಸ್ತಕ, ಒಂದು ಪೆನ್ಸಿಲು. ವಾರಕ್ಕೆ ಅರ್ಧ ಗಂಟೆ.

ವಿದ್ಯಾರ್ಥಿ ಮಿತ್ರರೇ, ನೀವು ಕನ್ನಡದಲ್ಲಿ ಓದಿ ಬರೆಯಬಲ್ಲಿರಿ. ಆ ಭಾಗ್ಯವಿಲ್ಲದ ಕನ್ನಡದ ಮನೆಗಳು ಎಷ್ಟೋ ಇವೆ. ಬರುವ ರಜೆಯಲ್ಲಿ ನಿಮ್ಮ ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು ಹತ್ತು ಪದ ಕೇಳಿರಿ, ಬರೆದುಕೊಳ್ಳಿರಿ, ಬರೆದುದನ್ನು ಅವರಿಗೆ ಓದಿ ಹೇಳಿರಿ. ತಂದೆತಾಯಿಗಳೇ, ಮಕ್ಕಳು ಕೇಳಲು ಬಂದಾಗ ಕೆಲಸವಿದೆಯೆಂದು ಕಳುಹಿಸಬೇಡಿರಿ. ಹೇಳುವವರು ಮನೆಯಲ್ಲಿರುವಾಗಲೇ ಬರೆದುಕೊಳ್ಳಬೇಕು.